ಅಮ್ಮ ತಿರುಗಿ ನೋಡಿದ ದಿನ

ಮನೆಯಿಂದ, ಅಡುಗೆಮನೆಯ ಮೇಜು
ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗೀ, ನನ್ನ ಪಿಟೀಲೇ,

ಹೇಗಿದ್ದೀಯೇ? ಮಂಡಿನೋವು ಕಡಿಮೆಯಾಯಿತಾ? ಅಷ್ಟು ಎತ್ತರದ ಮಹಡಿ ಮನೆ ಬೇಡ, ಮೆಟ್ಟಿಲು ಹತ್ತಿ ಇಳಿದೇ ಸವೆದುಹೋಗುತ್ತೀಯ ಅಂತ ಆಗಲೇ ಎಷ್ಟು ಬಡಕೊಂಡಿದ್ದೆ. ನನ್ನ ಮಾತು ನಿನ್ನ ಕಿವಿಗೆ ಬಿದ್ದದ್ದು ಯಾವಾಗ ಹೇಳು. ಊಟ ಕೂತು ಮಾಡುತ್ತೀಯೋ, ಈಗಲೂ ನಿಂತುಕೊಂಡೇ ಬ್ರೆಡ್ಡು ಕಚ್ಚಿಕೊಂಡು ಓಡುತ್ತೀಯೋ? ಕೂತು ತಿನ್ನು ಕಣೇ. ನಡುವೆ ಎಬ್ಬಿಸುವವರು ಅಲ್ಲಿ ಯಾರೂ ಇಲ್ಲ. ನಿನ್ನನ್ನು ಪಿಟೀಲು ಅಂತ ಕರೆಯುವುದಕ್ಕೆ ಈಗ ಭೂಮಿಯ ಮೇಲೆ ಉಳಿದಿರುವವಳು ನಾನೊಬ್ಬಳೇ. ನೀನು ಹುಟ್ಟಿದಾಗ ಅಳುತ್ತಿದ್ದ ಧಾಟಿ ಕೇಳಿ ಅಪ್ಪ, "ಇದು ಮಗು ಅಳೋದಲ್ಲ, ಯಾರೋ ಪಿಟೀಲಿನ ತಂತಿ ಬಿಗಿ ಮಾಡ್ತಿದಾರೆ" ಅಂದಿದ್ದರು. ಅಮ್ಮನಿಗೆ ಆ ಹೆಸರು ಹಿಡಿಸಲಿಲ್ಲ. ಅವಳು ಇಡದ ಹೆಸರಲ್ಲವೇ. ಆದ್ದರಿಂದ ಅಪ್ಪನೂ ನಾನೂ ನಿನ್ನನ್ನು ಹಾಗೆ ಮೆಲ್ಲಗೆ, ಬಚ್ಚಲುಮನೆಯ ಹಿಂದೆ ಮಾತ್ರ ಕರೆಯುತ್ತಿದ್ದೆವು. ಈಗ ಕಾಗದದ ಮೇಲೆ ದೊಡ್ಡದಾಗಿ ಬರೆದಿದ್ದೇನೆ ನೋಡು. ಬರೆದ ಮೇಲೆ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ್ದೂ ಆಯಿತು. ಅಭ್ಯಾಸ.

ನಿನ್ನ ಕಾಗದ ಬಂತು. ಇಷ್ಟು ವರ್ಷದ ಮೇಲೆ ನಿನ್ನ ಅಕ್ಷರ ನೋಡಿ, ಅದನ್ನು ಒಡೆಯದೆ ಸೆರಗಿನಲ್ಲಿ ಕಟ್ಟಿಕೊಂಡೇ ಬೈಂಡಿಂಗ್ ಅಂಗಡಿಯಲ್ಲಿ ಅರ್ಧ ದಿನ ಕೆಲಸ ಮಾಡಿದೆ. ನೀನು ಗುರುವಾರ ಗುರುವಾರ ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ಹೋಗಿ ಕೂತು ಮಾತಾಡುತ್ತೀಯಂತೆ, ಮೊದಮೊದಲು ಅವರು ಸುಮ್ಮನಾದಾಗಲೆಲ್ಲ ನೀನು "ಸಾರಿ, ಸಾರಿ" ಅಂದುಬಿಡುತ್ತಿದ್ದೆಯಂತೆ, ಈಗ ಅದು ನಿಂತಿದೆಯಂತೆ. ಬಸ್ಸಿನಲ್ಲಿ ಯಾರೋ ನಿನ್ನ ಕಾಲು ತುಳಿದರೆ ಈಗ ನೀನು ಕ್ಷಮೆ ಕೇಳುವುದಿಲ್ಲವಂತೆ. ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಪಕ್ಕದಲ್ಲಿ ಅಂಟು ಕಲಸುತ್ತಿದ್ದ ಹೆಂಗಸಿಗೂ ಓದಿ ಹೇಳಿದೆ. ಅವಳು, "ತುಳಿದವರು ತಾನೇ ಕೇಳ್ಬೇಕಾದ್ದು, ಇದರಲ್ಲೇನು ವಿಶೇಷ?" ಅಂದಳು. ಹೌದಲ್ಲ, ಬೇರೆಯವರಿಗೆ ಇದರಲ್ಲಿ ಏನೂ ವಿಶೇಷವಿಲ್ಲ. ನೀನು ರಕ್ತ ತೆಗೆಯುವ ಕೆಲಸ ಹಿಡಿದಾಗ ನಿನ್ನ ಭಾವ ಹೇಳಿದ್ದು ನೆನಪಿದೆಯಾ? "ನಿನ್ನ ತಂಗಿ ಬುದ್ಧಿವಂತೆ. ಹೇಗೂ ದಿನವಿಡೀ ಕ್ಷಮೆ ಕೇಳ್ತಾಳೆ, ಸೂಜಿ ಚುಚ್ಚಿ ಕೇಳಿದ್ರೆ ಅದಕ್ಕೊಂದು ಅರ್ಥ ಇರುತ್ತೆ."

ಎರಡು ವಿಷಯ ಕೇಳಿದ್ದೀಯ. ಅಮ್ಮನನ್ನು ನೋಡುವುದಕ್ಕೆ ಬರಲಾ ಅಂತ ಒಂದು. ಅಮ್ಮನಿಗೆ ಒಳ್ಳೆಯ ಟೀಚರ್ ಅಂತ ಬಹುಮಾನ ಬಂದ ವರ್ಷ, ಆ ದೊಡ್ಡ ಮೌನದ ಕೊನೆಗೆ ನೀನು ಬಾಗಿಲಲ್ಲಿ ನಿಂತು ಏನೋ ಹೇಳಿದೆಯಲ್ಲ, ಅದು ಏನು ಅಂತ ಇನ್ನೊಂದು. ಅಮ್ಮ ಕುರ್ಚಿಯಲ್ಲಿ ತಿರುಗಿದ್ದು ನೆನಪಿದೆ, ನಕ್ಕಿದ್ದು ನೆನಪಿದೆ, ಮಡಿಲಿಗೆ ಎಳಕೊಂಡು ಡ್ರಾಯರಿನಿಂದ ಪೆಪ್ಪರಮೆಂಟು ತೆಗೆದು ಬಾಯಿಗಿಟ್ಟದ್ದು ನೆನಪಿದೆ, ಇವತ್ತಿಗೂ ಪೆಪ್ಪರಮೆಂಟು ಬಾಯಿಗಿಡುವುದಿಲ್ಲ, ಆದರೆ ನಾನು ಹೇಳಿದ ಮಾತು ಮಾತ್ರ ಅಳಿಸಿಹೋಗಿದೆ ಅಂತ ಬರೆದಿದ್ದೀಯ. ಅದು ಸಿಕ್ಕರೆ ನನ್ನ ನಿಜವಾದ ತಪ್ಪು ಏನಿತ್ತು ಅಂತ ಗೊತ್ತಾಗುತ್ತದೆ, ಆಮೇಲೆ ಅಮ್ಮನ ಎದುರಿಗೇ ಕೂತು ಕೇಳುತ್ತೇನೆ, ಅವಳ ಬಾಯಿಂದ ಒಂದೇ ಒಂದು ಮಾತು ಬಂದರೆ ಸಾಕು, ಅಲ್ಲಿಗೆ ಮುಗಿಯಿತು ಅಂದಿದ್ದೀಯ. ಒಂದೇ ಒಂದು ಮಾತು. ಅದನ್ನು ಓದಿ ಕಾಗದ ಮಡಿಚಿಟ್ಟುಬಿಟ್ಟೆ. ಚಿಕ್ಕಮ್ಮ ಫೋನಿನಲ್ಲಿ ನಿನಗೆ "ಅಮ್ಮನಿಗೆ ಹುಷಾರಿಲ್ಲ" ಅಂತಷ್ಟೇ ಹೇಳಿದ್ದಾಳೆ ಅಂತ ಕಾಣುತ್ತದೆ. ಅಮ್ಮನಿಗೆ ಲಕ್ವ ಹೊಡೆದಿದೆ ಪಿಟೀಲೇ. ಬಲಗೈ, ಬಲಗಾಲು ಬಿದ್ದುಹೋಗಿದೆ. ಮಾತು ಹೋಗಿದೆ.

ಹೇಗಾಯಿತು ಅಂತ ಬರೆಯಬೇಕು. ಅದನ್ನು ಬರೆಯಬೇಕಾದರೆ ಹಳೆಯದನ್ನು ಮುಟ್ಟಬೇಕು. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಯಾಕೆಂದರೆ ನಮ್ಮ ಮನೆಯಲ್ಲಿ ನಿಜವಾಗಿ ಹೀಗೆ ನಡೆಯುತ್ತಿತ್ತೋ, ನಾನೇ ಕಟ್ಟಿಕೊಂಡದ್ದೋ ಅಂತ ನನಗೇ ಒಮ್ಮೊಮ್ಮೆ ಅನುಮಾನ ಬರುತ್ತದೆ. ಅಮ್ಮ ನಮ್ಮನ್ನು ಹೊಡೆದವಳಲ್ಲ. ಬೈದವಳೂ ಅಲ್ಲ. ಮಾತು ನಿಲ್ಲಿಸುತ್ತಿದ್ದಳು. ಬೆಳಿಗ್ಗೆ ಎದ್ದರೆ ಅವಳ ಕುರ್ಚಿ ಕಿಟಕಿಯ ಕಡೆ ತಿರುಗಿರುತ್ತಿತ್ತು, ಬಾಗಿಲಿಗೆ ಬೆನ್ನು. ಬಸ್ಸು ಓಡಿಸಿ ಬಂದ ಅಪ್ಪ ಹೊರಗೇ ಬೂಟು ಬಿಚ್ಚುತ್ತಾ, "ಒಳಗೆ ಹವಾಮಾನ ಹೇಗಿದೆ?" ಅಂತ ಕಣ್ಣಲ್ಲೇ ಕೇಳುವರು; ನಾವು ತಲೆ ಆಡಿಸಿದರೆ ಬೂಟು ಬಿಚ್ಚುವ ಕೆಲಸ ಇನ್ನಷ್ಟು ಹೊತ್ತು ಹಿಡಿಯುವುದು. ಯಾಕೆ ಮಾತು ಬಿಟ್ಟಳು ಅಂತ ಅವಳು ಹೇಳುವಂತಿಲ್ಲ, ನಾವು ಕೇಳುವಂತಿಲ್ಲ. ನಾವೇ ಕಂಡುಹಿಡಿಯಬೇಕು. ಆ ಬಾಗಿಲಲ್ಲಿ ಒಂದು ಹಾಸುಗಲ್ಲು ಒಡೆದಿತ್ತಲ್ಲ, ಅದರ ಮೇಲೆ ನಿಂತು, "ತಪ್ಪಾಯ್ತು ಅಮ್ಮ, ಹಾಲು ಚೆಲ್ಲಿದೆ" ಅನ್ನಬೇಕು. ಅದಲ್ಲದಿದ್ದರೆ ಬೆನ್ನು ಅಲುಗುವುದಿಲ್ಲ. "ತಪ್ಪಾಯ್ತು ಅಮ್ಮ, ಬಾಗಿಲು ಬಡಿದೆ." ಅದೂ ಅಲ್ಲ. ಸ್ವಲ್ಪ ಹತ್ತಿರ ಬಂದರೆ ಮಾತ್ರ ಆ ಕಡೆಯಿಂದ ಒಂದು ಶಬ್ದ ಬರುತ್ತಿತ್ತು: "ಇನ್ನೊಂದ್ಸಲ." ಆಗ ಅದನ್ನೇ ಇನ್ನೂ ಚೆನ್ನಾಗಿ, ಇನ್ನೂ ಕೆಟ್ಟದಾಗಿ ಮಾಡಿ ಹೇಳಬೇಕು. ಸುಮ್ಮನೆ ಚೆಲ್ಲಿದ್ದಲ್ಲ, ಬೇಕಂತಲೇ ಚೆಲ್ಲಿದ್ದು ಅನ್ನಬೇಕು. ಸರಿಹೋದರೆ ಕುರ್ಚಿ ತಿರುಗುತ್ತಿತ್ತು. ಆ ನಗು! ಸುಳ್ಳು ಹೇಳಬಾರದು, ಅಂಥ ನಗು ನಾನು ಇನ್ನೊಂದು ಮುಖದಲ್ಲಿ ಕಂಡಿಲ್ಲ. ಆ ನಗುವಿಗಾಗಿ ನಾವು ಮಾಡದ್ದನ್ನೆಲ್ಲ ಮಾಡಿದೆವು ಅಂದೆವು. ಆಮೇಲೆ ಮನೆಗೆ ಯಾರಾದರೂ ಬಂದರೆ ಅವಳು ಬೇಸರದ ದನಿಯಲ್ಲಿ, "ನಮ್ಮ ದೊಡ್ಡವಳು ಸ್ವಲ್ಪ ಸುಳ್ಳುಗಾತಿ. ನಾನು ಹೇಳ್ತಿಲ್ಲಪ್ಪ, ಅವಳೇ ಒಪ್ಪಿಕೊಂಡಿದಾಳೆ" ಅನ್ನುವಳು. ನಾನು ಚಹಾ ತಟ್ಟೆ ಹಿಡಿದು ಅಲ್ಲೇ ನಿಂತಿರುತ್ತಿದ್ದೆ. ಒಪ್ಪಿಕೊಂಡಿದ್ದು ನಿಜ ತಾನೇ.

ನಾವಿಬ್ಬರೂ ತಪ್ಪುಗಳನ್ನು ಹಂಚಿಕೊಳ್ಳುತ್ತಿದ್ದುದು ನೆನಪಿದೆಯಾ? "ಹಾಲು ನಂದು, ಬಾಗಿಲು ನಿಂದು" ಅನ್ನುತ್ತಿದ್ದೆ ನಾನು. "ಬಾಗಿಲು ಹೋದ್ಸಲಾನೂ ನಾನೇ ಹೇಳಿದ್ನಲ್ಲೇ ಅಕ್ಕ, ಈ ಸಲ ನೀನು ತಗೋ" ಅನ್ನುತ್ತಿದ್ದೆ ನೀನು. ಬೇರೆ ಮಕ್ಕಳು ಗೋಲಿ ಹಂಚಿಕೊಳ್ಳುತ್ತಿದ್ದರು.

ಬಹುಮಾನದ ದಿನ ನೀನು ನನ್ನ ಸೊಂಟದುದ್ದ ಇದ್ದೆ. ನಾನು ಆಗಲೇ ಶಾಲೆ ಬಿಟ್ಟಿದ್ದೆ. ಬಿಟ್ಟಿದ್ದೆ ಏನು, "ದೊಡ್ಡವಳಿಗೆ ತಲೆ ಓಡಲ್ಲ" ಅಂತ ಅಮ್ಮನೇ ಬಿಡಿಸಿದ್ದಳು. ಒಳ್ಳೆಯ ಟೀಚರ ಮಗಳು ಅದೇ ಶಾಲೆಯಲ್ಲಿ ಕಡಿಮೆ ಅಂಕ ತೆಗೆದರೆ ನೋಡುವುದಕ್ಕೆ ಚೆನ್ನಾಗಿರುವುದಿಲ್ಲ. ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ. ಅಮ್ಮನ ಬಗ್ಗೆ ಎಲ್ಲರೂ ಮಾತಾಡಿ ಮುಗಿಸಿದ ಮೇಲೆ, ಬಂದಿದ್ದ ದೊಡ್ಡ ಮನುಷ್ಯರು ತಮಾಷೆಗೆ ನಿನ್ನ ಕೈಗೆ ಮೈಕು ಕೊಟ್ಟು, ನೀನೂ ಏನಾದರೂ ಹೇಳು ಪುಟ್ಟಾ ಅಂದರು. ನೀನು ಹೇಳಲಿಲ್ಲ, ಹಾಡಿಬಿಟ್ಟೆ. ನಿನಗೆ ನೀನೇ ಕಟ್ಟಿಕೊಂಡ ಯಾವುದೋ ಬೆಕ್ಕಿನ ಹಾಡು, ತಲೆಯಿಲ್ಲ ಬುಡವಿಲ್ಲ. ಇಡೀ ಸಭೆ ನಕ್ಕು ನಕ್ಕು ಚಪ್ಪಾಳೆ ತಟ್ಟಿತು. ಅಮ್ಮನಿಗೆ ತಟ್ಟಿದ್ದಕ್ಕಿಂತ ಜೋರಾಗಿ ತಟ್ಟಿತು. ಅಷ್ಟೇ ಆದದ್ದು. ಮನೆಗೆ ಬಂದವಳೇ ಅಮ್ಮ ಕುರ್ಚಿ ತಿರುಗಿಸಿ ಕೂತಳು. ಆ ಸಲದಷ್ಟು ಉದ್ದದ ಮೌನವನ್ನು ನಾವು ಮೊದಲು ಕಂಡಿರಲಿಲ್ಲ. ನೀನು ದಿನಾ ಹೋಗಿ ಆ ಕಲ್ಲಿನ ಮೇಲೆ ನಿಲ್ಲುತ್ತಿದ್ದೆ. ಹಾಲು, ಬಾಗಿಲು, ಹರಿದ ಪುಸ್ತಕ, ಒದ್ದೆ ಟವೆಲ್ಲು, ಎಲ್ಲ ಹೇಳಿದೆ. ನಿನಗೆ ಸಿಗಲಿಲ್ಲ. ಹೇಗೆ ಸಿಗಬೇಕು? ಚೆನ್ನಾಗಿ ಹಾಡಿದ್ದು ತಪ್ಪು ಅಂತ ಯಾವ ಮಗುವಿಗೆ ಹೊಳೆಯುತ್ತದೆ? ಕೊನೆಗೆ ಒಂದು ದಿನ ನಾನು ಒಗೆದ ಬಟ್ಟೆ ಎದೆಗವಚಿಕೊಂಡು ನಿನ್ನ ಹಿಂದೆಯೇ ನಿಂತಿದ್ದಾಗ ನೀನು ಒಂದು ಮಾತು ಹೇಳಿದೆ. ಕುರ್ಚಿ ತಿರುಗಿತು. ಆ ಮಾತು ನನಗೆ ಗೊತ್ತು. ಬೆಳಗಿನಿಂದಲೂ ಅದನ್ನು ಬರೆಯಲೆಂದೇ ಕೂತಿದ್ದೇನೆ. ಸ್ವಲ್ಪ ತಾಳು, ಮೊದಲು ಇಲ್ಲಿಯ ಸುದ್ದಿ ಮುಗಿಸಿಬಿಡುತ್ತೇನೆ.

ನಿನ್ನ ಭಾವನ ಹಲ್ಲುನೋವಿನ ಕಥೆ ನಿನಗೆ ಹೇಳಿದ್ದೆನಾ? ಮದುವೆಯಾದ ಹೊಸದು. ಒಂದು ಸಂಜೆ ಅಂಗಡಿ ಮುಚ್ಚಿ ಬಂದವರು ಒಂದು ಮಾತೂ ಆಡದೆ ಮೂಲೆಯಲ್ಲಿ ಕೂತರು. ತಕ್ಷಣ ಹೋಗಿ ಬಾಗಿಲಲ್ಲಿ ನಿಂತೆ. ಉಪ್ಪು ಹೆಚ್ಚಾಗಿದ್ದಕ್ಕೆ ತಪ್ಪಾಯ್ತು ಅಂದೆ. ಪಕ್ಕದ ಮನೆಯವಳ ಹತ್ತಿರ ಮಾತಾಡಿದ್ದಕ್ಕೆ, ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಂತದ್ದಕ್ಕೆ, ಅವರ ಅಂಗಿಯ ಗುಂಡಿ ಕಿತ್ತದ್ದಕ್ಕೆ (ಕಿತ್ತಿರಲಿಲ್ಲ), ಒಂದಾದ ಮೇಲೊಂದು. ಪಾಪ, ಅವರು ಊದಿದ ಕೆನ್ನೆ ಹಿಡಿದುಕೊಂಡು ಕಣ್ಣು ಕಣ್ಣು ಬಿಟ್ಟು ನೋಡಿ, ಕೊನೆಗೆ ಹೇಗೋ ಬಾಯಿ ತೆರೆದು, "ಹಲ್ಲುನೋವು ಕಣೇ ಮಾರಾಯ್ತಿ!" ಅಂದರು. ಆಮೇಲೆ ನಕ್ಕರು. ನಕ್ಕಿದ್ದಕ್ಕೆ ಹಲ್ಲು ಇನ್ನಷ್ಟು ನೋಯಿತು. ನಾನೂ ನಕ್ಕೆ. ಆದರೆ ಅವರು ಬದುಕಿದ್ದಷ್ಟು ಕಾಲ, ಸುಮ್ಮನಿರಬೇಕು ಅನ್ನಿಸಿದಾಗಲೆಲ್ಲ ಮೊದಲೇ ಹೇಳುತ್ತಿದ್ದರು: "ನೋಡು, ಈಗ ನಾನು ಪೇಪರ್ ಓದ್ತೀನಿ. ಕೋಪ ಇಲ್ಲ." ಕೋಪ ಇಲ್ಲ ಅಂತ ಹೇಳಿ ಪೇಪರು ಓದುವ ಗಂಡಸು ನನಗೆ ಸಿಕ್ಕಿದ್ದ. ಹೋಗಿಬಿಟ್ಟರು. ನಾನು ಒಂದು ಸೂಟ್‌ಕೇಸು ಹಿಡಿದು ಅಮ್ಮನ ಮನೆಗೆ ವಾಪಸು ಬಂದೆ. ಸೂಟ್‌ಕೇಸನ್ನು ಗೋಡೆಯ ಯಾವ ಬದಿಗೆ ಇಡಬೇಕಿತ್ತೋ ಆ ಬದಿಗೆ ಇಡಲಿಲ್ಲವೆಂದು ಮೊದಲ ವಾರವೆಲ್ಲ ಕುರ್ಚಿ ಕಿಟಕಿಯ ಕಡೆಗಿತ್ತು.

ಈಗ ಆ ಬೆಳಿಗ್ಗೆಯ ವಿಷಯ. ಹಿಂದಿನ ದಿನ ಬೈಂಡಿಂಗ್ ಕೆಲಸ ಮುಗಿಯದೆ ಮನೆಗೆ ತಡವಾಗಿ ಬಂದಿದ್ದೆ. ಬೆಳಿಗ್ಗೆ ಚಹಾ ತಗೊಂಡು ಹೋದರೆ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಚಹಾ ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟೆ. ತಿರುಗಲಿಲ್ಲ. ಸರಿ, ಶುರುವಾಯಿತು ಅಂದುಕೊಂಡೆ. ನಾನು ಏನು ಅಂದುಕೊಂಡೆ ಅಂತ ನೀನೊಬ್ಬಳೇ ಅರ್ಥಮಾಡಿಕೊಳ್ಳಬಲ್ಲೆ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಅರವತ್ತು ದಾಟಿದ ಹೆಂಗಸು ನಾನು ಹೋಗಿ ಆ ಒಡೆದ ಕಲ್ಲಿನ ಮೇಲೆ ನಿಂತೆ. "ತಪ್ಪಾಯ್ತು ಅಮ್ಮ, ತಡವಾಗಿ ಬಂದೆ" ಅಂದೆ. ಇಲ್ಲ. "ಚಹಾ ಬಿಸಿ ಸಾಲದು ಅಂತ ಕಾಣುತ್ತೆ, ತಪ್ಪಾಯ್ತು." ಇಲ್ಲ. ಅಡುಗೆಮನೆಗೆ ಹೋಗಿ ಒಲೆ ಹಚ್ಚಿ, ಮತ್ತೆ ಬಂದು ನಿಂತೆ. ಬಟ್ಟೆ ನೆನೆಸಿ ಮತ್ತೆ ಬಂದೆ. ಚಹಾದ ಮೇಲೆ ಕೆನೆ ಕಟ್ಟಿತ್ತು. ಕಿಟಕಿಯ ಬಿಸಿಲು ನೆಲಕ್ಕೆ ಇಳಿದು ಅವಳ ಚಪ್ಪಲಿಯವರೆಗೆ ಬಂತು. ನಾನು ಹೊಸ ತಪ್ಪುಗಳನ್ನೆಲ್ಲ ಮುಗಿಸಿ ಹಳೆಯದಕ್ಕೆ ಇಳಿದೆ. ಸೂಟ್‌ಕೇಸು. ಬೈಂಡರನ್ನು ಮದುವೆಯಾದದ್ದು. ಅಪ್ಪ ಸತ್ತಾಗ ಅವಳಿಗಿಂತ ಜೋರಾಗಿ ಅತ್ತದ್ದು. ನೀನು ಮನೆ ಬಿಟ್ಟು ಹೋಗುವಾಗ ತಡೆಯದೆ ನಿಂತದ್ದು. ಆ ಬೆನ್ನು ಅಲುಗಲಿಲ್ಲ. ಬಿಸಿಲು ಗೋಡೆಗೆ ಹತ್ತಿತು. ಹೇಳುವುದಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ, ಒಂದು ಮಾತಿನ ಹೊರತು. ಅದು ಎಂದೂ ಸೋತ ಮಾತಲ್ಲ. ಅದನ್ನೂ ಹೇಳಿದೆ. ಕುರ್ಚಿ ತಿರುಗಲಿಲ್ಲ.

ಆಗ ನನಗೆ ಗೊತ್ತಾಯಿತು. ಈ ಮಾತಿಗೂ ತಿರುಗದಿದ್ದರೆ ಅಮ್ಮನಿಗೆ ಏನೋ ಆಗಿದೆ. ಆವಾಗಲೇ ನಾನು ಕಲ್ಲು ದಾಟಿ ಕುರ್ಚಿಯ ಆ ಬದಿಗೆ ಹೋದದ್ದು. ಕೇಳದೆ ಆ ಬದಿಗೆ ಹೋದದ್ದು ಜೀವನದಲ್ಲಿ ಅದೇ ಮೊದಲು. ಬಾಯಿ ಒಂದು ಬದಿಗೆ ಇಳಿದಿತ್ತು. ಕೆನ್ನೆ ಒದ್ದೆಯಾಗಿತ್ತು, ಅಳುವೋ ಜೊಲ್ಲೋ ನನಗೆ ತಿಳಿಯಲಿಲ್ಲ. ಕಣ್ಣು ಮಾತ್ರ ಪೂರ್ತಿ ಎಚ್ಚರವಾಗಿ ನನ್ನನ್ನೇ ನೋಡುತ್ತಿತ್ತು. ಅಷ್ಟು ಹೊತ್ತೂ ಎಲ್ಲ ಕೇಳಿಸಿಕೊಂಡಿದ್ದಾಳೆ ಪಿಟೀಲೇ. ನಾನು ಕ್ಷಮೆ ಕೇಳುತ್ತಾ ನಿಂತಿದ್ದಾಗ ಅವಳು ಒಳಗೊಳಗೇ ನನ್ನನ್ನು ಕೂಗುತ್ತಿದ್ದಿರಬಹುದು.

ಆಸ್ಪತ್ರೆಯಲ್ಲಿ ಡಾಕ್ಟರು, "ಯಾವಾಗ ಆಯ್ತು ಇದು?" ಅಂದರು. ಬೆಳಿಗ್ಗೆ ಅಂದೆ. ಅವರು ಗೋಡೆಯ ಗಡಿಯಾರ ನೋಡಿ, "ಅಲ್ಲಮ್ಮಾ, ಇಷ್ಟು ಹೊತ್ತು ಏನ್ ಮಾಡ್ತಿದ್ರಿ? ಬೇಗ ತಂದಿದ್ರೆ ಮಾತನ್ನಾದ್ರೂ ಉಳಿಸಬಹುದಿತ್ತು" ಅಂದರು. ಏನು ಹೇಳಲಿ? ಕ್ಷಮೆ ಕೇಳುತ್ತಿದ್ದೆ ಅನ್ನಲಾ? "ಅಡುಗೆ ಮಾಡ್ತಿದ್ದೆ ಡಾಕ್ಟ್ರೇ" ಅಂದೆ. ಅವರು ಏನೂ ಮಾತಾಡಲಿಲ್ಲ. ಅವರು ಮಾತಾಡದೆ ಇದ್ದದ್ದಕ್ಕೆ ನಾನು, "ತಪ್ಪಾಯ್ತು" ಅಂದೆ. ಚಿಕ್ಕಮ್ಮ ಬಂದವಳು ಕಾರಿಡಾರಿನಲ್ಲೇ ನಿಂತು, "ಹೆತ್ತವಳ ಮುಖ ಒಂದ್ಸಲ ಬಗ್ಗಿ ನೋಡೋಕೆ ಆಗ್ಲಿಲ್ವೇನೇ ನಿಂಗೆ?" ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಅದು ಅಷ್ಟು ಸುಲಭ ಅಂತ ಅವಳಿಗೆ ಅನ್ನಿಸುತ್ತದಲ್ಲ, ಅದಕ್ಕೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಈಗ ಮಾತು ಕಲಿಸುವ ಹುಡುಗಿಯೊಬ್ಬಳು ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಒಳ್ಳೆಯ ಹುಡುಗಿ, ಚಿತ್ರದ ಕಾರ್ಡು ಹಿಡಿದು "ಅಜ್ಜಿ, ಇದೇನು? ಬೆಕ್ಕು. ಹೇಳಿ, ಬೆ… ಕ್ಕು" ಅನ್ನುತ್ತಾಳೆ. ಬಹಳ ದಿನ ಬರೀ ಗೊರಗೊರ ಶಬ್ದ. ಆಮೇಲೆ ಒಂದು ಮಧ್ಯಾಹ್ನ ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದಾಗ ಅಮ್ಮನ ದನಿ ಕೇಳಿತು, ಸ್ಪಷ್ಟವಾಗಿ, ಒಂದಿಷ್ಟೂ ತೊದಲಿಲ್ಲದೆ: "ಇನ್ನೊಂದ್ಸಲ." ಲೋಟ ಕೆಳಗಿಟ್ಟು ಕೈ ಒರೆಸಿಕೊಂಡೆ. ಆ ಹುಡುಗಿ ಓಡಿಬಂದು ನನ್ನನ್ನು ತಬ್ಬಿಕೊಂಡಳು. "ಕೇಳಿದ್ರಾ ಆಂಟಿ? ನಾನು ಇವತ್ತಿಗೆ ಸಾಕು ಅಂದೆ, ಅಜ್ಜಿ ಇನ್ನೊಂದ್ಸಲ ಅಂತಿದಾರೆ! ಏನು ಹಟ, ಏನು ಛಲ! ಇಂಥ ಪೇಷಂಟು ನಂಗೆ ಇದುವರೆಗೂ ಸಿಕ್ಕಿಲ್ಲ." ಉಳಿದದ್ದು ಆ ಒಂದೇ ಮಾತು. ಹಸಿವಾದರೂ ಅದೇ, ನೀರು ಬೇಕಾದರೂ ಅದೇ, ಬಟ್ಟೆ ಒದ್ದೆಯಾದರೂ ಅದೇ. ಅದಕ್ಕೆ ಅರ್ಥವಿಲ್ಲ, ಬಳಸಿ ಬಳಸಿ ನಾಲಿಗೆಗೆ ಅಂಟಿಕೊಂಡ ಮಾತು, ಲಕ್ವದವರಿಗೆ ಹೀಗೆ ಒಂದೊಂದು ಮಾತು ಉಳಿದುಬಿಡುತ್ತದೆ ಅಂತ ಡಾಕ್ಟರು ಹೇಳಿದರು. ಇರಬಹುದು. ಅವರು ಓದಿದವರು.

ಅವಳ ಹಳೆಯ ವಿದ್ಯಾರ್ಥಿಗಳು ಬರುತ್ತಲೇ ಇರುತ್ತಾರೆ. ಔಷಧಿ ಅಂಗಡಿಯವನು ಹಾಸಿಗೆಯ ಪಕ್ಕ ಮೊಣಕಾಲೂರಿ ಅಳುತ್ತಾನೆ. "ಟೀಚರ್ ನಮಗೆ ತಾಯಿ ಇದ್ದ ಹಾಗೆ ಅಕ್ಕಾ. ಎಲ್ರೂ ನನ್ನ ದಡ್ಡ ಅಂದಾಗ ಜಗಲಿ ಮೇಲೆ ಕೂರಿಸಿ ಭಾಗಾಕಾರ ಕಲಿಸಿದ್ದು ಇವರೇ." ಅದೂ ನಿಜವೇ ಕಣೇ. ನಾನೇ ಕಣ್ಣಾರೆ ಕಂಡಿದ್ದೇನೆ. ಆ ಜಗಲಿಯಲ್ಲಿ ಅವಳ ದನಿ ಎಷ್ಟು ತಾಳ್ಮೆಯಿಂದ ಇರುತ್ತಿತ್ತು ಅಂದರೆ, ನಾನು ಒಳಗೆ ನೆಲ ಒರೆಸುತ್ತಾ ಆ ದಡ್ಡ ಹುಡುಗ ನಾನಾಗಬಾರದಿತ್ತೇ ಅಂದುಕೊಳ್ಳುತ್ತಿದ್ದೆ. ಅವರು ತಾಯಿ ಇದ್ದ ಹಾಗೆ ಅಂದಾಗಲೆಲ್ಲ ನಾನು ಚಹಾ ಮಾಡುವುದಕ್ಕೆ ಎದ್ದುಹೋಗುತ್ತೇನೆ. ನಮ್ಮ ಮನೆಯಲ್ಲಿ ಈಗ ಬಹಳ ಚಹಾ ಖರ್ಚಾಗುತ್ತದೆ.

ನೀನು ವಾಸಿಯಾಗುವ ವಿಷಯ ಬರೆದಿದ್ದೀಯ, ಅಕ್ಕ ನೀನೂ ಯಾರ ಹತ್ತಿರವಾದರೂ ಹೋಗು ಅಂದಿದ್ದೀಯ. ನಗಬೇಡ, ನಾನೂ ಪ್ರಯತ್ನಪಟ್ಟೆ. ನಿನಗೆ ಗೊತ್ತಲ್ಲ, ಶಾಲೆ ಬಿಟ್ಟ ಮೇಲೆ ನಾನು ಓದಿದ್ದೆಲ್ಲ ಬೈಂಡಿಂಗ್ ಅಂಗಡಿಯಲ್ಲೇ. ಮಡಿಚುವ ಹಾಳೆಯಲ್ಲಿ ಏನಿದೆಯೋ ಅದೇ ನನ್ನ ವಿದ್ಯೆ. ದೊಡ್ಡ ಹಾಳೆ ಮಡಿಚಿದ ಒಂದೊಂದು ಮಡಿಕೆಯಲ್ಲಿ ಹದಿನಾರು ಪುಟ. ಎಷ್ಟೋ ಪುಸ್ತಕಗಳ ನಡು ನನಗೆ ಬಾಯಿಪಾಠ, ತಲೆ ಕಾಲು ಗೊತ್ತಿಲ್ಲ. ಹೋದ ಮಳೆಗಾಲದಲ್ಲಿ ಮನಸ್ಸಿನ ಗಾಯದ ಬಗ್ಗೆ ಒಂದು ಪುಸ್ತಕ ಮಡಿಚುವುದಕ್ಕೆ ಬಂತು. ನನ್ನ ಮೇಜಿಗೆ ಬಂದ ಮಡಿಕೆಯಲ್ಲಿ ನಮ್ಮ ಮನೆಯೇ ಇತ್ತು! ಇಂಥ ತಾಯಂದಿರು ಹೇಗಿರುತ್ತಾರೆ, ಅವರ ಮಕ್ಕಳು ದೊಡ್ಡವರಾದ ಮೇಲೂ ಎದುರಿಗಿದ್ದವರ ಮುಖ ನೋಡಿ ನೋಡಿ ಹೇಗೆ ಸೋಲುತ್ತಾರೆ, ಎಲ್ಲ. ನಾನು ಕೆಲಸ ನಿಲ್ಲಿಸಿ ಓದಿದೆ. ಕೊನೆಯ ಪುಟದ ಕೊನೆಯ ಸಾಲಿನಲ್ಲಿ, "ಇದರಿಂದ ಹೊರಬರಲು ನೀವು ಮಾಡಬೇಕಾದ ಮೊದಲ ಕೆಲಸವೆಂದರೆ" ಅಂತ ಇತ್ತು. ಅಲ್ಲಿಗೆ ಮಡಿಕೆ ಮುಗಿಯಿತು. ಮುಂದಿನ ಮಡಿಕೆ ಬೇರೆ ಮೇಜಿನವಳದು. ಅವಳನ್ನು ಕೇಳುವುದಕ್ಕೆ ನಾಚಿಕೆಯಾಗಿ ನಾಳೆ ನೋಡೋಣ ಅಂತ ಬಿಟ್ಟೆ. ಮರುದಿನ ಹೋಗುವಷ್ಟರಲ್ಲಿ ಪುಸ್ತಕಗಳೆಲ್ಲ ಹೊಲಿದು, ರಟ್ಟು ಹಾಕಿ, ಗಾಡಿ ಹತ್ತಿ ಹೋಗಿದ್ದವು. ಆ ಮೊದಲ ಕೆಲಸ ಯಾವುದು ಅಂತ ನಿನ್ನ ಗುರುವಾರದವರನ್ನು ಕೇಳಿ ಬರೆ. ಸುಮ್ಮನೆ ತಿಳಿದುಕೊಳ್ಳುವುದಕ್ಕೆ. ನನಗೆ ಇನ್ನು ಅದು ಹತ್ತುವುದಿಲ್ಲ. ಗಾಯ ಮಾಯಬೇಕಾದರೆ ಗಾಯ ಯಾವುದು, ಮೈ ಯಾವುದು ಅಂತ ಬೇರೆ ಬೇರೆ ಕಾಣಬೇಕಲ್ಲ. ನನಗೆ ಕಾಣುವುದಿಲ್ಲ. ಇದನ್ನು ಕಿತ್ತುಹಾಕಿದರೆ ಕೆಳಗೆ ಏನಾದರೂ ಇದೆಯೋ ಇಲ್ಲವೋ ಅಂತ ಹೆದರಿಕೆ.

ಇನ್ನೊಂದು ಹೇಳಿಬಿಡುತ್ತೇನೆ. ಇಷ್ಟು ವರ್ಷ ಮಾಡದ ತಪ್ಪಿಗೆಲ್ಲ ಕ್ಷಮೆ ಕೇಳಿದೆ. ಈಗ ನಿಜವಾಗಿ ಒಂದು ತಪ್ಪಾಗಿದೆ, ಅವಳ ಮಾತು ಹೋಗಿದ್ದು ನಾನು ಆ ಬಾಗಿಲಲ್ಲಿ ನಿಂತದ್ದಕ್ಕೆ. ಇದೊಂದಕ್ಕೆ ಮನಸಾರೆ ಕೇಳಬೇಕು ಅಂತ ಅವಳ ಎಡಗೈ ಹಿಡಿದುಕೊಂಡು, "ತಪ್ಪಾಯ್ತು ಅಮ್ಮ, ಬೇಗ ನೋಡಲಿಲ್ಲ" ಅಂದೆ. ಅವಳು ನನ್ನ ಮುಖವನ್ನೇ ನೋಡಿ, "ಇನ್ನೊಂದ್ಸಲ" ಅಂದಳು. ನೀರು ಬೇಕಿತ್ತೇನೋ. ನೀರು ಕುಡಿಸಿದೆ. ಕುಡಿದು ಮತ್ತೆ ಅಂದಳು. ನಾನು ಮತ್ತೆ ಹೇಳಿದೆ.

ಬರುವ ವಿಷಯ: ಅದು ನಿನ್ನ ಮನಸ್ಸು. ನಾನು ಅಂಗಡಿಗೆ ಹೋದಾಗ ಅಮ್ಮನನ್ನು ನೋಡಿಕೊಳ್ಳುವುದಕ್ಕೆ ಬರುವ ಚಿಕ್ಕಮ್ಮ, "ಅವಳು ಬರದಿದ್ರೆ ಜನ ಏನಂತಾರೆ" ಅಂತ ದಿನಾ ನನ್ನ ತಲೆ ತಿನ್ನುತ್ತಾಳೆ. ನಿನ್ನ ಹಳೆಯ ಹಾಸಿಗೆ ಬಿಸಿಲಿಗೆ ಹಾಕಿ ಹೊಡೆದು ಇಟ್ಟಿದ್ದೇನೆ. ಹಿಂದಿನ ಕೋಣೆ ಗುಡಿಸಿದ್ದೇನೆ. ನಿನ್ನನ್ನು ನೋಡಬೇಕೆಂದು ನನ್ನ ಜೀವ ಎಷ್ಟು ಹಂಬಲಿಸುತ್ತದೆ ಅಂತ ಬರೆದರೆ ಅದೂ ಎಲ್ಲಿ ನಿನ್ನ ಮೇಲೆ ಹೊರೆಯಾಗುತ್ತದೋ ಅಂತ ಬರೆಯುವುದಿಲ್ಲ. ಬರೆದುಬಿಟ್ಟೆ, ನೋಡು. ಮಂಡಿಗೆ ಎಣ್ಣೆ ಹಚ್ಚುವುದು ಮರೆಯಬೇಡ. ಹಾಡುತ್ತೀಯಾ ಈಗಲೂ? ಆ ಬೆಕ್ಕಿನ ಹಾಡು ನನಗೆ ಪೂರ್ತಿ ನೆನಪಿದೆ. ಮನೆಯಲ್ಲಿ ಹೇಳಿಕೊಳ್ಳುವುದಿಲ್ಲ, ಅಂಗಡಿಯಲ್ಲಿ ಹಾಳೆ ಮಡಿಚುವಾಗ ಒಳಗೊಳಗೇ ಹೇಳಿಕೊಳ್ಳುತ್ತೇನೆ. ಮಡಿಕೆ ನೇರ ಬರುತ್ತದೆ. ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಸುತ್ತ ಮಾತಾಡುವ ಜನವಿರಲಿ. ಗುರುವಾರದವರಿಗೆ ನನ್ನ ನಮಸ್ಕಾರ ಹೇಳು. ನನ್ನ ತಂಗಿಯನ್ನು ನೋಡಿಕೊಳ್ಳುತ್ತಿದ್ದಾರೆ ಅಂತ ಅವರಿಗೆ ದಿನಾ ಕೈಮುಗಿಯುತ್ತೇನೆ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಒಳಗಿನಿಂದ ಅಮ್ಮ ಕರೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನ ತಪ್ಪು ಏನೆಂದು ಹುಡುಕಬೇಡ, ಇರಲಿಲ್ಲ. ಆವತ್ತು ಎಲ್ಲ ತಪ್ಪೂ ಮುಗಿದುಹೋಗಿ, ನೀನು ಆ ಕಲ್ಲಿನ ಮೇಲೆ ನಿಂತು ಅಂದದ್ದು ಇಷ್ಟೇ: "ನಾನು ಹುಟ್ಟಿದ್ದು ತಪ್ಪಾಯ್ತು ಅಮ್ಮಾ." ಅದಕ್ಕೇ ಅವಳು ತಿರುಗಿದ್ದು. ಅದಕ್ಕೇ ನಕ್ಕಿದ್ದು. ಆ ಬೆಳಿಗ್ಗೆ ಕೊನೆಯಲ್ಲಿ ನಾನು ಅಂದದ್ದೂ ಅದನ್ನೇ. ಬರಬೇಡ ಕಣೇ. ಚಿಕ್ಕಮ್ಮ ಏನಾದರೂ ಅನ್ನಲಿ, ಹಾಸಿಗೆ ನಾನು ಎತ್ತಿಡುತ್ತೇನೆ, ನೀನು ಬರಬೇಡ. ನೀನು ಎದುರಿಗೆ ಕೂತ ಕೂಡಲೇ ಅವಳು ಇನ್ನೊಂದ್ಸಲ ಅನ್ನುತ್ತಾಳೆ, ನೀನು ಹೇಳಿಬಿಡುತ್ತೀಯ. ನನಗೆ ಗೊತ್ತು. ನಾನು ದಿನಾ ಹೇಳುತ್ತಿದ್ದೇನೆ.